ನೆಲ್ಲಿನ ಬುಡದಲ್ಲಿರುವ ಹೆಸರಿಲ್ಲದ ಜೀವಗಳು

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರಿನ ಕ್ಯಾಂಪ್‌ಗಳಲ್ಲಿ ಕಂದು ಜಿಗಿಹುಳು ಅಂದರೆ ಸಾಕು, ರೈತರ ಎದೆ ಧಸಕ್ಕೆನ್ನುತ್ತದೆ. ಅಕ್ಕಿಕಾಳಿಗಿಂತ ಸಣ್ಣ ಹುಳು. ಬುಡದಲ್ಲಿ ಕೂತು ರಸ ಹೀರಿದರೆ ನೆಲ್ಲು ಸುತ್ತುಸುತ್ತಾಗಿ ಸುಟ್ಟಂತೆ ಒಣಗುತ್ತದೆ. ಬೈಯುವ ಮೊದಲು ಅದರ ಸಂಸಾರ ನೋಡಿ.

ಗಂಡೂ ಹೆಣ್ಣೂ ಹೊಟ್ಟೆ ಅದುರಿಸಿ ಕಾಂಡದ ಮೂಲಕವೇ ಮಾತಾಡಿಕೊಳ್ಳುತ್ತವೆ. ಗದ್ದೆಯ ಬದುವಿನಲ್ಲಿ ನಿಂತ ನಮಗೆ ಒಂದಿಷ್ಟೂ ಕೇಳಿಸದು. ಬೆಳೆ ಎಳೆಯದಾಗಿದ್ದು ಹೊಟ್ಟೆಗೆ ಸಾಕಷ್ಟಿದ್ದರೆ ಮರಿಗಳು ಮೋಟು ರೆಕ್ಕೆಯವಾಗಿ ಬೆಳೆದು ಅಲ್ಲೇ ಸಂತಾನ ಹೆಚ್ಚಿಸುತ್ತವೆ. ಬೆಳೆ ಬಲಿತು ಗುಂಪು ದಟ್ಟವಾದರೆ ಉದ್ದ ರೆಕ್ಕೆ ಮೂಡಿ ಬೇರೆ ಗದ್ದೆಗೆ ಹಾರುತ್ತವೆ. ರೆಕ್ಕೆಯ ಈ ತೀರ್ಮಾನ ಇನ್ಸುಲಿನ್ ಗ್ರಾಹಕಗಳೆರಡರ ಕೈಯಲ್ಲಿದೆ ಎಂದು 2015ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಹೌದು, ನಮ್ಮ ಸಕ್ಕರೆ ಕಾಯಿಲೆಯಲ್ಲಿ ಕೇಳಿಬರುವ ಇನ್ಸುಲಿನ್ನಿನ ಬಳಗವೇ!

ಮೊಟ್ಟೆಯನ್ನು ಜಿಗಿಹುಳು ಎಲೆಕವಚದೊಳಗೆ ತೂರಿಸಿಡುತ್ತದೆ. ಹೊಡೆದ ಎಣ್ಣೆ, ಅಂದರೆ ಕೀಟನಾಶಕ, ಅಲ್ಲಿಗೆ ಮುಟ್ಟುವುದು ಕಷ್ಟ. ಸಾಯುವುದು ಯಾರು? ಜಿಗಿಹುಳುವನ್ನು ತಿನ್ನುವ ಜೇಡ, ಮೊಟ್ಟೆಗೆ ಸೂಜಿ ಚುಚ್ಚುವ ಹಸಿರು ಮಿರಿಡ್ ತಿಗಣೆ, ಆ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುವ, ಒಂದು ಮಿಲಿಮೀಟರಿಗಿಂತ ಸಣ್ಣ ಕಣಜ. ಆಮೇಲೆ ಒಡೆದು ಬಂದ ಮರಿಗಳಿಗೆ ಕಾವಲಿಲ್ಲದ ಗದ್ದೆ. ಎಣ್ಣೆ ಹೊಡೆದಷ್ಟೂ ಹುಳು ಹೆಚ್ಚುವ ಒಗಟಿನ ಒಂದು ದೊಡ್ಡ ಕಾರಣ ಇದು.

ಇಂಥ ಕಣಜಗಳಲ್ಲಿ ಹೆಸರೇ ಇಲ್ಲದವು ಎಷ್ಟೋ. ಭೂಮಿಯ ಮೇಲಿನ ಜೀವಜಾತಿಗಳು ಸುಮಾರು 87 ಲಕ್ಷ, ಪಟ್ಟಿಯಾದವು 12 ಲಕ್ಷ ಮಾತ್ರ ಎಂಬುದು 2011ರ ಅಂದಾಜು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಕಿಲೋಮೀಟರಿಗೂ ಆಳದ ನೀರಿನಿಂದ ಹೊಸ ದುಂಡುಹುಳು ಸಿಕ್ಕ ವರದಿ ಬಂತು. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯ ಬಂಡೆಬಿರುಕುಗಳ ನೀರನ್ನೂ ಹೀಗೆ ಸೋಸಿ ನೋಡಿದರೆ ಏನು ಸಿಕ್ಕೀತೋ. ಅಶೋಕನ ಹೆಸರನ್ನು ಹೊತ್ತ ಮಸ್ಕಿಯ ಬಂಡೆಶಾಸನವನ್ನೂ 1915ರಲ್ಲಿ ಗುರುತಿಸಿದ್ದು ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರೇ. ಬಯಲಲ್ಲೇ ಇತ್ತು, ಓದಬಲ್ಲವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ನೆಲ್ಲಿನ ಬುಡದ್ದೂ ಇದೇ ಕಥೆ. ಅಪರೂಪದ ಜೀವ ನೋಡಲು ಪಶ್ಚಿಮಘಟ್ಟಕ್ಕೇ ಹೋಗಬೇಕೆಂಬ ನಂಬಿಕೆಯನ್ನು ನಾನಂತೂ ಒಪ್ಪಲಾರೆ. ಮುಂದಿನ ಸಲ ಪಂಪು ಬೆನ್ನಿಗೇರಿಸುವ ಮೊದಲು ಬುಡ ಸರಿಸಿ, ಜಿಗಿಹುಳು ಎಷ್ಟು, ಜೇಡ ಎಷ್ಟು, ಹಸಿರು ತಿಗಣೆ ಎಷ್ಟು ಎಂದು ಎಣಿಸಿ. ಅನುಮಾನವಿದ್ದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ಕೇಳಿ, ಆಮೇಲೆ ಎಣ್ಣೆಯ ಮಾತು.