ಮಗನ ಹಳೇ ಹೆಡ್‌ಫೋನ್ ನಮಗ್ಯಾಕೆ?

ಮನೆಗೆ ಹೊಸ ಹೆಡ್‌ಫೋನ್ ಬಂತೆಂದರೆ ಅದು ಯಾರಿಗೆ ಅಂತ ಕೇಳಬೇಕಾಗಿಯೇ ಇಲ್ಲ. ಮಗನ ಕ್ಲಾಸಿಗೆ, ಇಲ್ಲವೇ ಮನೆಯವರ ಮೀಟಿಂಗಿಗೆ. ವರ್ಷ ಕಳೆದು ಅದರ ಒಂದು ಕಿವಿ ಬಂದ್ ಆದ ಮೇಲೆ, ವೈರಿಗೆ ಟೇಪು ಸುತ್ತಿಸಿಕೊಂಡು 'ಅವ್ವಾ, ಇದನ್ನ ನೀ ಇಟ್ಕೋ, ಹಾಡು ಕೇಳಾಕ ಸಾಕು' ಅಂತ ನಮ್ಮ ಕೈಗೆ ಬರುತ್ತದೆ. ನಾವೂ ಸಂತೋಷದಿಂದ ಇಟ್ಟುಕೊಳ್ಳುತ್ತೇವೆ. ಮನೆಯಲ್ಲಿ ಯಾವುದನ್ನೂ ದಂಡ ಮಾಡಬಾರದಲ್ಲ!

ಇದು ಉಳಿತಾಯ ಅಲ್ಲವೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಎರಡೂ ಕಿವಿಯಿಂದ ಕೇಳಿದರೆ ಕಡಿಮೆ ಸೌಂಡಿನಲ್ಲೇ ಹಾಡು ತುಂಬಿಕೊಂಡು ಕೇಳಿಸುತ್ತದೆ. ಒಂದೇ ಕಿವಿ ನಡೆಯುವ ಹೆಡ್‌ಫೋನಿನಲ್ಲಿ ಅಷ್ಟೇ ಕೇಳಿಸಬೇಕಾದರೆ ವಾಲ್ಯೂಮ್ ಏರಿಸಲೇಬೇಕು. ಉಳಿಸಿದ ಸಾವಿರ ರೂಪಾಯಿಯ ಬೆಲೆಯನ್ನು ತೆರುವುದು ನಮ್ಮ ಕಿವಿ. ಅದಕ್ಕೇ ಗೆಳತಿಯರೇ, ಈ ಸಲ ಮನೆ ಖರ್ಚಿನ ಪಟ್ಟಿಯಲ್ಲಿ ಒಂದು ಹೆಡ್‌ಫೋನನ್ನು ನಿಮ್ಮ ಹೆಸರಿಗೇ ಬರೆದುಕೊಳ್ಳಿ.

ಯಾವುದು ತೊಗೋಬೇಕು? ಅಂಗಡಿಯಲ್ಲಿ ನೂರಾರು ತರಹ ಇವೆ. ಆದರೆ ಮುಖ್ಯವಾಗಿ ತಿಳಿದುಕೊಳ್ಳಬೇಕಾದ ವ್ಯತ್ಯಾಸ ಒಂದೇ. ಕೆಲವು ಹೆಡ್‌ಫೋನುಗಳ ಬಟ್ಟಲಿನ ಹೊರಮೈಯಲ್ಲಿ ಜಾಲರಿ ಇರುತ್ತದೆ. ಇವು 'ಓಪನ್ ಬ್ಯಾಕ್'. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಇಂಥದನ್ನು ಮೊದಲು ಮಾರುಕಟ್ಟೆಗೆ ತಂದಿತು. ಸಂಗೀತ ಹರವಾಗಿ, ಎದುರಿಗೆ ಕೂತು ಹಾಡಿದ ಹಾಗೆ ಕೇಳುತ್ತದೆ, ನಿಜ. ಆದರೆ ಒಳಗಿನ ಹಾಡು ಹೊರಗೆ, ಹೊರಗಿನ ಗದ್ದಲ ಒಳಗೆ! ಇನ್ನೊಂದು ಬಗೆ, ಹಿಂಬದಿ ಪೂರ್ತಿ ಮುಚ್ಚಿದ 'ಕ್ಲೋಸ್ಡ್ ಬ್ಯಾಕ್'. ನಮ್ಮಂಥವರ ಮನೆಗೆ ಇದೇ ಸರಿ. ಮಧ್ಯಾಹ್ನ ಪಡಸಾಲೆಯಲ್ಲಿ ಅತ್ತೆಯವರು ಮಲಗಿರುತ್ತಾರೆ, ಒಳಗೆ ಮಗಳು ಪರೀಕ್ಷೆಗೆ ಓದುತ್ತಿರುತ್ತಾಳೆ. ನೀವು ಏನು ಕೇಳುತ್ತಿದ್ದೀರಿ ಅನ್ನೋದು ಅವರಿಗೆ ಗೊತ್ತೂ ಆಗಬಾರದು, ತೊಂದರೆಯೂ ಆಗಬಾರದು.

ಬಸ್ಸಿನ ಮಾತೂ ಅಷ್ಟೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಮದುರ್ಗದಿಂದ ಬೆಳಗಾವಿಗೆ, ಸವದತ್ತಿಯಿಂದ ಧಾರವಾಡಕ್ಕೆ ನಾವು ಹೆಂಗಸರು ಓಡಾಡುವುದು ಹೆಚ್ಚಾಗಿದೆ. ಹಿಂದಿನ ಸೀಟಿನವರು ಮೊಬೈಲಿನಲ್ಲಿ ರೀಲ್ಸ್ ಹಚ್ಚಿದರೆ ಮುಂದಿನವರ ತಲೆ ಚಿಟ್ಟು ಹಿಡಿಯುತ್ತದೆ. ಬಸ್ಸಿನಲ್ಲಿ ಹೀಗೆ ಜೋರಾಗಿ ಹಚ್ಚಬಾರದೆಂದು ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲೇ ಆದೇಶ ಹೊರಡಿಸಿತ್ತು. ಓಪನ್ ಬ್ಯಾಕ್ ಹಾಕಿಕೊಂಡರೂ ಪಕ್ಕದವರಿಗೆ ಅರ್ಧ ಹಾಡು ಕೇಳಿಯೇ ಕೇಳುತ್ತದೆ.

ಒಂದು ಎಚ್ಚರಿಕೆ. ಮುಚ್ಚಿದ ಹೆಡ್‌ಫೋನ್ ಎಲ್ಲ ಸದ್ದನ್ನೂ ತಡೆಯುವುದಿಲ್ಲ. ಪಕ್ಕದವರ ಮಾತು, ಕಂಡಕ್ಟರನ ಸೀಟಿ ಮೆತ್ತಗಾಗುತ್ತವೆ, ಆದರೆ ಬಸ್ಸಿನ ಎಂಜಿನ್ನಿನ ಗುಡುಗುಡು ಹಾಗೇ ಉಳಿಯುತ್ತದೆ. ರಾಮದುರ್ಗದ ಕಡೆ ಮನೆಯಲ್ಲೇ ಮಗ್ಗ ಇರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಮಗ್ಗದ ಸದ್ದನ್ನು ಮೀರಿಸಲು ಹಾಡಿನ ಸೌಂಡ್ ಏರಿಸಿದರೆ ಕಿವಿಗೆ ಎರಡು ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ ಬರೀ 4 ಗಂಟೆ! ಡೆಸಿಬೆಲ್ ಅಳೆಯುವುದು ನಮ್ಮಿಂದ ಆಗದ ಮಾತು ಅನ್ನುವಿರಾ? ಮೊಬೈಲಿನ ವಾಲ್ಯೂಮ್ ಗೆರೆ ಅರ್ಧದಿಂದ ಸ್ವಲ್ಪ ಮೇಲೆ, ನೂರಕ್ಕೆ 60ರ ಒಳಗೆ ಇರಲಿ. ಅದಕ್ಕಿಂತ ಮೇಲೆ ಒಯ್ಯದೆ ಹಾಡು ಕೇಳಿಸದಂಥ ಜಾಗದಲ್ಲಿ ಹೆಡ್‌ಫೋನ್ ತೆಗೆದಿಡುವುದೇ ಒಳ್ಳೆಯದು.

ಇನ್ನು ಅಂಗಡಿಯ ಹುಡುಗರು ಹೇಳದ, ಆದರೆ ನಮಗೆ ಬಹಳ ಮುಖ್ಯವಾದ ವಿಷಯ: ಓಲೆ, ಕನ್ನಡಕ, ತುರುಬು. ಹೆಡ್‌ಫೋನಿನಲ್ಲಿ ಕಿವಿಯ ಮೇಲೆ ಕೂಡುವಂಥವು, ಇಡೀ ಕಿವಿಯನ್ನು ಸುತ್ತುವರಿಯುವಂಥವು ಅಂತ ಎರಡು ಬಗೆ. ಮೊದಲನೆಯದು ಹಗುರ, ಅಗ್ಗ, ಬ್ಯಾಗಿನಲ್ಲಿ ಸುಲಭವಾಗಿ ಕೂಡುತ್ತದೆ. ಆದರೆ ಬೆಂಡೋಲೆ ಹಾಕಿಕೊಂಡು ಅರ್ಧ ಗಂಟೆ ಕೇಳಿ ನೋಡಿ! ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚಿ ಚುಚ್ಚಿ ಕೆಂಪಾಗಿಸುತ್ತದೆ. ಕಿವಿ ಸುತ್ತುವರಿಯುವ ಬಗೆಯಲ್ಲಿ ಈ ಕಾಟ ಕಡಿಮೆ. ಆದರೆ ಉದ್ದ ಝುಮಕಿಯೋ, ಕನ್ನಡಕದ ಕಡ್ಡಿಯೋ ದಿಂಬಿನ ಕೆಳಗೆ ಸಿಕ್ಕಿಕೊಂಡರೆ ಸಂದು ಬಿಡುತ್ತದೆ. ಸಂದು ಬಿಟ್ಟ ಕೂಡಲೇ ಮೊದಲು ಮಾಯವಾಗುವುದು ಮಂದ್ರದ ದನಿ. ತಬಲಾದ ಡಗ್ಗಾ ತಗಡು ಬಡಿದ ಹಾಗಾಗುತ್ತದೆ. ಆಗ ಹೆಡ್‌ಫೋನ್ ಸರಿಯಿಲ್ಲ ಅಂತ ಬೈಯುತ್ತೇವೆ, ತಪ್ಪು ಝುಮಕಿಯದು! ಆದ್ದರಿಂದ ಕೊಳ್ಳಲು ಹೋಗುವಾಗ ದಿನಾ ಹಾಕುವ ಓಲೆ, ದಿನಾ ಹಾಕುವ ಕನ್ನಡಕ ಹಾಕಿಕೊಂಡೇ ಹೋಗಿ. ತಲೆಪಟ್ಟಿ ತುರುಬಿಗೆ ತಾಗುತ್ತದೆಯೋ ಇಲ್ಲವೋ ಅದನ್ನೂ ನೋಡಿಕೊಳ್ಳಿ. ಹಾಕಿಕೊಂಡು ಕನಿಷ್ಠ ಹತ್ತು ನಿಮಿಷ ಕೂಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ಸೀರೆ ಆರಿಸುವಾಗ ಒಂದು ತಾಸು ಕೂಡುವುದಿಲ್ಲವೇ ನಾವು?

ಪರೀಕ್ಷೆಗೆ ಅವರು ಹಚ್ಚುವ ಡಿಜೆ ಹಾಡು ಬೇಡ. ಅದು ಎಂಥದರಲ್ಲೂ ಧಡಧಡ ಅನ್ನುತ್ತದೆ. ನಿಮಗೆ ಬಾಯಿಪಾಠ ಆದದ್ದನ್ನೇ ಹಚ್ಚಿ. ಸವದತ್ತಿ ಎಲ್ಲಮ್ಮನ ಗುಡ್ಡದ ಚೌಡಿಕೆ ಪದ ಇದಕ್ಕೆ ಬಹಳ ಚಲೋ. ಚೌಡಿಕೆಯ ತಂತಿ ಬಿಗಿದು ಸಡಿಲಿಸಿದಾಗ ಏರಿಳಿಯುವ ಆ ದನಿ ಸ್ಪಷ್ಟವಾಗಿ ಬರಬೇಕು, ಜೋಗತಿಯ ಮಾತು ಅದರ ಕೆಳಗೆ ಮುಳುಗಬಾರದು. ಬೈಲಹೊಂಗಲದ ಕಥೆಯೇ ಆದ 'ಸಂಗ್ಯಾ ಬಾಳ್ಯಾ' ಸಣ್ಣಾಟದ ರೆಕಾರ್ಡಿಂಗ್ ಇದ್ದರೆ ಅದೂ ಆದೀತು. ಹಾಡು, ಹಿಮ್ಮೇಳ, ಮಾತು ಮೂರೂ ಬೇರೆ ಬೇರೆಯಾಗಿ ಕೇಳುತ್ತವೆಯೇ? 'ಎಕ್ಸ್‌ಟ್ರಾ ಬಾಸ್' ಅಂತ ದೊಡ್ಡದಾಗಿ ಬರೆದ ಎಷ್ಟೋ ಅಗ್ಗದ ಹೆಡ್‌ಫೋನುಗಳು ಇಲ್ಲೇ ಸೋಲುತ್ತವೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನ ಕೇಳುವವರಿಗೆ ಬಾಸಿನ ಗುದ್ದು ಯಾಕೆ ಬೇಕು ಹೇಳಿ?

ವೈರಿನದೋ ಬ್ಲೂಟೂತೋ? ನನ್ನ ಮತ ವೈರಿಗೆ. ಬ್ಯಾಟರಿ ಇಲ್ಲ, ಚಾರ್ಜ್ ಮಾಡುವ ತಾಪತ್ರಯ ಇಲ್ಲ, ಅದೇ ದುಡ್ಡಿನಲ್ಲಿ ದನಿಯೂ ಸಾಮಾನ್ಯವಾಗಿ ವಾಸಿ. ಎಫ್‌ಎಂ ರೇಡಿಯೋ ಇರುವ ಮೊಬೈಲ್ ನಿಮ್ಮದಾಗಿದ್ದರೆ ಹೆಡ್‌ಫೋನಿನ ವೈರೇ ಅದಕ್ಕೆ ಆಂಟೆನಾ. ಬ್ಲೂಟೂತಿನಿಂದ ಆ ಕೆಲಸ ಆಗದು. 1950ರಿಂದ ನಮ್ಮ ಭಾಗದ ಮನೆಮನೆಗೆ ದನಿಯಾದ ಧಾರವಾಡ ಆಕಾಶವಾಣಿಯನ್ನು ಈಗ ಆ್ಯಪಿನಲ್ಲೂ ಕೇಳಬಹುದು, ಅದಕ್ಕೆ ಯಾವುದಾದರೂ ನಡೆದೀತು. ಹೊಸ ಮೊಬೈಲುಗಳಲ್ಲಿ ಹೆಡ್‌ಫೋನ್ ತೂತೇ ಇರುವುದಿಲ್ಲ. ಆಗ ಚಾರ್ಜರ್ ಜಾಗಕ್ಕೆ ಸಿಕ್ಕಿಸುವ ಚಿಕ್ಕ ಕನ್ವರ್ಟರ್ ಕೊಳ್ಳಬೇಕು. ಅದು ನಿಮ್ಮ ಮೊಬೈಲಿಗೆ ಹೊಂದುತ್ತದೆಯೇ ಅಂತ ಅಲ್ಲೇ ಹಚ್ಚಿ ನೋಡಿ.

ಡಬ್ಬಿಯ ಮೇಲಿನ ಅಂಕಿಗಳಿಗೆ ಹೆದರಬೇಡಿ. ಓಮ್ ಅಂತ ಬರೆದ ಸಂಖ್ಯೆ 16ರಿಂದ 32ರೊಳಗೆ ಇದ್ದರೆ ಮೊಬೈಲಿಗೆ ಆರಾಮ. ಬಹಳ ವರ್ಷಗಳಿಂದ ಮಾರಾಟವಾಗುತ್ತ ಬಂದ ಸೋನಿಯ ಝಡ್‌ಎಕ್ಸ್ 110 ಇಂಥದು: 24 ಓಮ್, ಹಗುರ, ಮಡಚಬಹುದು. ಆದರೆ ಕಿವಿಯ ಮೇಲೆ ಕೂಡುವ ಬಗೆ, ಬೆಂಡೋಲೆಯ ಕಥೆ ನೆನಪಿರಲಿ. ಆಡಿಯೋ ಟೆಕ್ನಿಕಾದ ಎಂ20ಎಕ್ಸ್ ಕಿವಿ ಸುತ್ತುವರಿಯುತ್ತದೆ, ದನಿಯೂ ಚೆಂದ. ಆದರೆ ಸ್ಟುಡಿಯೋದವರಿಗೆಂದು ಮಾಡಿದ್ದರಿಂದ ವೈರು 3 ಮೀಟರ್! ಬಸ್ಸಿನಲ್ಲಿ ಅದನ್ನು ಸುತ್ತಿಕೊಳ್ಳುತ್ತ ಕೂಡಬೇಕಾಗುತ್ತದೆ. 12ರಿಂದ 22,000 ಹರ್ಟ್ಜ್ ಅಂತೆಲ್ಲ ಬರೆದಿರುತ್ತಾರಲ್ಲ, ಅದನ್ನು ಓದಿ ಬಿಟ್ಟುಬಿಡಿ. ಮನುಷ್ಯರ ಕಿವಿಗೆ ಕೇಳುವುದೇ 20,000ದವರೆಗೆ, ವಯಸ್ಸಾದಂತೆ ಅದೂ ಕಡಿಮೆ. ಬದಲಿಗೆ ತಯಾರಕರ ಅಥವಾ ಆಮದುದಾರರ ವಿಳಾಸ, ಗ್ರಾಹಕರ ದೂರಿಗೆ ಫೋನ್ ನಂಬರ್, ಎಂಆರ್‌ಪಿ ಇವೆಯೇ ನೋಡಿ. ಇವನ್ನು ಪೊಟ್ಟಣದ ಮೇಲೆ ಹಾಕಲೇಬೇಕೆಂಬ ಕಾನೂನಿದೆ. ಕಿತ್ತೂರು ಉತ್ಸವದಂಥ ಜನಜಂಗುಳಿಯಲ್ಲಿ ದೊಡ್ಡ ಕಂಪನಿಯ ಹೆಸರು ಹಾಕಿಕೊಂಡು ಇನ್ನೂರಕ್ಕೆ ಸಿಗುವ ಮಾಲಿನ ಮೇಲೆ ಇವು ಇಲ್ಲದಿದ್ದರೆ, ಅದು ಯಾರ ಮಾಲು ಅಂತ ಬಿಡಿಸಿ ಹೇಳಬೇಕಿಲ್ಲ.

'ಮನೀ ಹೆಂಗಸು ಕಿವಿ ಮುಚ್ಕೊಂಡ್ ಕುಂತ್ರ ಹ್ಯಾಂಗವಾ?' ಅನ್ನುವವರು ಇದ್ದೇ ಇರುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಲೆಯ ಮೇಲೆ ಹಾಲಿದ್ದಾಗ, ಮನೆಯಲ್ಲಿ ಎಳೆಗೂಸಿದ್ದು ನೋಡಿಕೊಳ್ಳಲು ನೀವೊಬ್ಬರೇ ಇದ್ದಾಗ, ಕಿತ್ತೂರಿನ ಹೆದ್ದಾರಿ ದಾಟುವಾಗ ಕ್ಲೋಸ್ಡ್ ಬ್ಯಾಕ್ ಖಂಡಿತ ಬೇಡ. ಅಡಿಗೆಮನೆಗೆ ಒಂದು ಪುಟ್ಟ ರೇಡಿಯೋನೇ ಸಾಕು. ಉಳಿದ ಅರ್ಧಕ್ಕೆ ನನ್ನದೊಂದು ಪ್ರಶ್ನೆ. ಮನೆಯ ಗಂಡಸರು, ಮಕ್ಕಳು ಕಿವಿ ಮುಚ್ಚಿಕೊಂಡು ಕೂತಾಗ ಯಾರೂ ಏನೂ ಅನ್ನುವುದಿಲ್ಲ. ಕರೆದರೆ ಕೇಳದಿದ್ದಾಗ ನಾವೇ ಎದ್ದು ಹೋಗಿ ಭುಜ ತಟ್ಟುತ್ತೇವೆ. ಮಧ್ಯಾಹ್ನ ಎರಡರಿಂದ ಮೂರರವರೆಗೆ ನಮ್ಮ ಭುಜವನ್ನೂ ಯಾರಾದರೂ ಬಂದು ತಟ್ಟಲಿ, ಅದರಲ್ಲೇನು ಕಷ್ಟ? 'ಈಗ ಒಂದು ತಾಸು ನಾ ಹಾಡು ಕೇಳ್ತೀನಿ' ಅಂತ ಮೊದಲೇ ಹೇಳಿ ಕೂಡಿ. ಎರಡು ದಿನ ನಗುತ್ತಾರೆ, ಮೂರನೇ ದಿನ ರೂಢಿಯಾಗುತ್ತದೆ.

ಅಂದ ಹಾಗೆ, 1910ರ ಸುಮಾರಿಗೆ ಅಮೆರಿಕದ ನೌಕಾಪಡೆಗೆ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ಮೊದಮೊದಲ ಹೆಡ್‌ಫೋನುಗಳನ್ನು ಮಾಡಿಕೊಟ್ಟದ್ದು ತನ್ನ ಅಡಿಗೆಮನೆಯಲ್ಲಂತೆ! ಆ ಮನೆಯಾಕೆ ಅಡಿಗೆ ಎಲ್ಲಿ ಮಾಡಿದಳೋ ಪಾಪ.

ಕೊಂಡ ಮೇಲೆ ಜೋಪಾನ ಮಾಡುವುದು ಸುಲಭ. ನಮ್ಮ ಕಡೆಯ ಬಿಸಿಲಿಗೆ, ಬೆವರಿಗೆ ದಿಂಬಿನ ಮೇಲಿನ ರೆಕ್ಸಿನ್ ಬೇಗ ಸುಲಿಯುತ್ತದೆ. ಹಿಂಡಿದ ಒದ್ದೆ ಬಟ್ಟೆಯಿಂದ ವಾರಕ್ಕೊಮ್ಮೆ ಒರೆಸಿ, ತಲೆಗೆ ಎಣ್ಣೆ ಹಚ್ಚಿದ ದಿನ ಹಾಕಬೇಡಿ. ದಿಂಬು ಬಿಡಿಯಾಗಿ ಸಿಗುತ್ತದೆಯೇ ಅಂತ ಕೊಳ್ಳುವಾಗಲೇ ಕೇಳಿಕೊಳ್ಳಿ. ವೈರನ್ನು ಮೊಬೈಲಿಗೆ ಬಿಗಿಯಾಗಿ ಸುತ್ತಿಡಬೇಡಿ, ಪಿನ್ನಿನ ಹತ್ತಿರವೇ ಅದು ಮೊದಲು ಕಡಿಯುವುದು. ಬಿಲ್ಲನ್ನು ಮರೆಯದೆ ಇಸ್ಕೊಂಡು ವಾರಂಟಿ ಚೀಟಿಯ ಜೊತೆ ತೆಗೆದಿಡಿ. ಮತ್ತೆ, ಮಗನಿಗೆ 'ಒಂದೇ ದಿನಕ್ಕೆ' ಅಂತ ಕೊಡುವ ಮುಂಚೆ ಎರಡು ಸಲ ಯೋಚಿಸಿ!