ದಯೆಯ ಪಾಠ ಪರೀಕ್ಷೆಗೆ ಮುಗಿಯದಿರಲಿ

ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಭದ್ರೆಯರು ಬೇರೆ ಬೇರೆ ದಾರಿ ಹಿಡಿದು ಹರಿಯುತ್ತಾರೆ. ತುಂಗೆ ಶಿವಮೊಗ್ಗವನ್ನು, ಭದ್ರೆ ಭದ್ರಾವತಿಯನ್ನು ಹಾದು ಕೂಡಲಿಯಲ್ಲಿ ಒಂದಾಗುತ್ತಾರೆ. ಮುಂದೆ ಹೊನ್ನಾಳಿ, ಹರಿಹರಗಳಿಗೆ ತಲುಪುವುದು ಈ ಎರಡು ಊರುಗಳನ್ನು ದಾಟಿ ಬಂದ ನೀರೇ. ಆದುದರಿಂದ ಈ ಎರಡೂ ಊರುಗಳ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳ ಹೊಣೆಯೂ ಒಂದೇ ಎಂದು ನಾವು ಭಾವಿಸುತ್ತೇವೆ.

ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು, ಜೀವಿಗಳಲ್ಲಿ ಕರುಣೆ ತೋರುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿ ನಮ್ಮ ಸಂವಿಧಾನದಲ್ಲಿ ಸೇರಿಸಿತು. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ದಯೆಯಿಲ್ಲದೆ ಧರ್ಮವಿಲ್ಲವೆಂದು ತಿಳಿಸಿಕೊಟ್ಟಿದ್ದರು. ಇಂದು ಪರಿಸರ ಅಧ್ಯಯನ ಪದವಿ ತರಗತಿಗಳಲ್ಲಿ ಪಠ್ಯವಾಗಿದೆ. ಅಂಕಗಳೂ ಬರುತ್ತವೆ. ಆದರೆ ಆ ಪಾಠ ನಮ್ಮ ಮನೆಯ ಹಿತ್ತಲಿಗೆ ಬಂದಿದೆಯೇ?

ನಗರದ ಬೀದಿಯಲ್ಲಿ ಅಲೆಯುವ ಹಸುವನ್ನು ನೋಡಿರಿ. ನಾವು ತರಕಾರಿ ಸಿಪ್ಪೆಯನ್ನೂ ಮಿಕ್ಕ ಅನ್ನವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಂಟು ಬಿಗಿದು ಎಸೆಯುತ್ತೇವೆ. ವಾಸನೆ ಹಿಡಿದು ಬಂದ ಹಸು ಗಂಟು ಬಿಚ್ಚಲಾರದು; ಚೀಲಸಹಿತ ನುಂಗುತ್ತದೆ. ಮೊದಲು ನುಂಗಿ ಆಮೇಲೆ ಮೆಲುಕು ಹಾಕುವುದು ಅದರ ಸಹಜಗುಣ. ನುಂಗಿದ ಪ್ಲಾಸ್ಟಿಕ್ ಅದರ ಹೊಟ್ಟೆಯ ಮೊದಲ, ದೊಡ್ಡ ಭಾಗದಲ್ಲಿ ಉಳಿದುಬಿಡುತ್ತದೆ. ಕರಗುವುದಿಲ್ಲ, ಹೊರಗೂ ಹೋಗುವುದಿಲ್ಲ. ದಿನೇ ದಿನೇ ಸೇರಿ ಉಂಡೆಗಟ್ಟಿದಾಗ ಮೇವಿಗೆ ಎಡೆಯಿಲ್ಲದೆ ಹಸು ಸೊರಗುತ್ತದೆ, ಹಾಲು ಇಳಿಯುತ್ತದೆ. ಕೊನೆಗೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ಬಸವ ಜಯಂತಿಯಂದು ಎತ್ತುಗಳನ್ನು ಸಿಂಗರಿಸಿ ಪೂಜಿಸುವ ನಾವು ಮರುದಿನ ಬೀದಿಯ ಹಸುವಿಗೆ ಇದನ್ನು ಉಣಿಸುವುದು ಯಾವ ಭಕ್ತಿ? 2016ರಲ್ಲಿಯೇ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಂದಿದೆ. ನಿಷೇಧ ಕಾಗದದಲ್ಲಿದೆ, ಚೀಲ ಇನ್ನೂ ನಮ್ಮ ಕೈಯಲ್ಲಿದೆ.

ನದಿಯ ಮಾತೂ ಹೀಗೆಯೇ. ಹಿಂದೆ ಭದ್ರೆಯ ಕೊಳೆಗೆ ಕಾರ್ಖಾನೆಗಳತ್ತ ಬೆರಳು ತೋರಿಸಿ ಸುಮ್ಮನಾಗುತ್ತಿದ್ದೆವು. ಭದ್ರಾವತಿಯ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಕಳೆದಿವೆ. ಮನೆಗಳ ಕೊಳಚೆ ಮಾತ್ರ ನಿಂತಿಲ್ಲ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಈ ಎಚ್ಚರವನ್ನೇ ಸಾರಿತು. ಆ ಎಚ್ಚರವನ್ನು ಉಳಿಸಿಕೊಳ್ಳುವವರು ತರುಣರಲ್ಲದೆ ಮತ್ತಾರು?

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಮನೆಯಲ್ಲಿ, ಹಾಸ್ಟೆಲಿನಲ್ಲಿ ಹಸಿಕಸ ಒಣಕಸಗಳನ್ನು ಬೇರ್ಪಡಿಸಲಿ. ಪೇಟೆಗೆ ಹೋಗುವಾಗ ಬಟ್ಟೆಯ ಚೀಲ ಹಿಡಿಯಲಿ. ತುಂಗೆಯ ದಡದಲ್ಲಿರುವ ಸಹ್ಯಾದ್ರಿ ಕಾಲೇಜಿನಂತಹ ಕಡೆಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ತಂಡಗಳು ದಡದ ಒಂದೊಂದು ತುಂಡನ್ನು ತಮ್ಮದೆಂದು ನೋಡಿಕೊಳ್ಳಲಿ. ಪದವಿಗೆ ಮೂರು ವರ್ಷ ಬೇಕು. ನೆಟ್ಟ ಸಸಿಗೆ ಮೊದಲ ಎರಡು ಬೇಸಿಗೆ ನೀರೆರೆದರೆ ಬಹುಮಟ್ಟಿಗೆ ಬದುಕುತ್ತದೆ. ಒಬ್ಬರಿಗೆ ಒಂದೇ ಸಸಿ ಸಾಕು. ಬೇಸಿಗೆಯಲ್ಲಿ ದನಕರುಗಳಿಗೆ, ಹಕ್ಕಿಗಳಿಗೆ ನೀರಿನ ತೊಟ್ಟಿಯಿಡಲಿ. ಬೀದಿನಾಯಿಗೆ ಕಲ್ಲೆಸೆಯುವ ಬದಲು ನಗರಸಂಸ್ಥೆಗಳ ಸಂತಾನಹರಣ ಚಿಕಿತ್ಸೆ ಹಾಗೂ ರೇಬೀಸ್ ಲಸಿಕೆಯ ಕಾರ್ಯಕ್ಕೆ ನೆರವಾಗಲಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಓಣಿಯವರಿಗೆ ತಿಳಿಸಲಿ. ಗಾಯಗೊಂಡ ಪ್ರಾಣಿ ಕಂಡಾಗ ಕೇಳಲು ಶಿವಮೊಗ್ಗದಲ್ಲಿಯೇ ಪಶುವೈದ್ಯಕೀಯ ಕಾಲೇಜಿದೆ. ಸಕ್ರೆಬೈಲಿನ ಆನೆಗಳನ್ನೋ ಮಂಡಗದ್ದೆಯ ಹಕ್ಕಿಗಳನ್ನೋ ನೋಡಲು ಹೋದಾಗ ಗದ್ದಲವನ್ನೂ ಕಸವನ್ನೂ ಬಿಟ್ಟುಬರದಿದ್ದರೆ ಅದೂ ಸೇವೆಯೇ.

ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮಗಳು ಕಸದ ಬುಟ್ಟಿ ಎರಡಿರಲಿ ಎಂದರೆ ನಗಬೇಡಿರಿ. ಮಗ ದಡ ಗುಡಿಸಿ ಬಂದರೆ, ಇದೇನು ನಿನ್ನ ಕೆಲಸವೇ ಎಂದು ಗದರಬೇಡಿರಿ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಕಲಿತು ಬಂದ ಮನೆಗಳು ನಮ್ಮವು. ದಾಸೋಹದ ಪಂಕ್ತಿಯಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಬಿಟ್ಟು ಬಾಳೆಯೆಲೆ, ಮುತ್ತುಗದೆಲೆ, ಸ್ಟೀಲಿನ ಲೋಟಗಳನ್ನು ಬಳಸಿರಿ. ಉಂಡೆದ್ದ ಮೇಲೆ ಆ ಎಲೆ ಗೊಬ್ಬರವಾಗುತ್ತದೆ. ಯಾವ ಹಸುವಿನ ಹೊಟ್ಟೆಯಲ್ಲಿಯೂ ಉಂಡೆಗಟ್ಟುವುದಿಲ್ಲ. ಮಕ್ಕಳು ಹೊರಗೆ ಆಚರಿಸುವ ದಯೆಗೆ ಮನೆಯಲ್ಲಿಯೂ ಬೆಂಬಲ ದೊರೆಯಲೆಂದು ಹಾರೈಸುತ್ತೇವೆ.