ಅಗ್ಗದ ಇಂಧನದ ಲಾಭ ಯಾರಿಗೆ?

ತೈಲ ತೆಗೆಯುವ ದೇಶದ ಪ್ರಜೆಗೆ ತೈಲ ಅಗ್ಗವಾಗಿಯೇ ದೊರೆಯಬೇಕೆಂಬ ವಾದ ಮೇಲುನೋಟಕ್ಕೆ ನ್ಯಾಯವೆಂದೇ ತೋರುತ್ತದೆ. ಆದರೆ ಬೆಲೆ ತಗ್ಗಿಸುವ ಮೂಲಕ ನೀಡುವ ಸಹಾಯಧನ ಬಳಕೆಯ ಪ್ರಮಾಣವನ್ನೇ ಹಿಂಬಾಲಿಸುತ್ತದೆ. ನಾಲ್ಕು ಕಾರುಳ್ಳವನಿಗೆ ನಾಲ್ಕು ಪಾಲು. ಕಾಲ್ನಡಿಗೆಯವನಿಗೆ ಏನೂ ಇಲ್ಲ.

ಇದನ್ನು ತಿದ್ದಲು ಹೊರಟ ನೈಜೀರಿಯಾ 2012ರ ಜನವರಿ 1ರಂದು ಸಹಾಯಧನವನ್ನು ಒಮ್ಮೆಗೇ ಕಿತ್ತುಹಾಕಿತು. ಲೀಟರಿಗೆ 65 ನೈರಾ ಇದ್ದ ಪೆಟ್ರೋಲ್ ಇಮ್ಮಡಿಗೂ ಮೀರಿ ಏರಿತು. ದೇಶವ್ಯಾಪಿ ಮುಷ್ಕರದ ತರುವಾಯ ಅದೇ ತಿಂಗಳಲ್ಲಿ 97 ನೈರಾಕ್ಕೆ ಇಳಿಸಬೇಕಾಯಿತು. ಇರಾನ್ ಜಾಣತನ ತೋರಿತು. 2010ರ ಡಿಸೆಂಬರಿನಲ್ಲಿ ಬೆಲೆ ಏರಿಸುವ ಮೊದಲೇ ಕುಟುಂಬಗಳ ಬ್ಯಾಂಕ್ ಖಾತೆಗೆ ಹಣ ಜಮೆ ಮಾಡಿತು. ಪಡಿತರ ಪೆಟ್ರೋಲ್ 1,000 ರಿಯಾಲಿನಿಂದ 4,000ಕ್ಕೇರಿದರೂ ಜನ ಬೀದಿಗಿಳಿಯಲಿಲ್ಲ. ಮುಂದೆ ಹಣದುಬ್ಬರ ಆ ಮೊತ್ತವನ್ನು ಸವೆಸಿತೆಂಬುದೂ, 2019ರ ಏರಿಕೆಗೆ ರಕ್ತ ಹರಿಯಿತೆಂಬುದೂ ಅಷ್ಟೇ ನಿಜ.

ಮಂಡ್ಯ ಜಿಲ್ಲೆಯಲ್ಲಿ ತೈಲವಿಲ್ಲ. ಆದರೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಶಕ್ತಿ ಉತ್ಪಾದಿಸುವ ನೆಲವೆಂಬ ಹೆಮ್ಮೆಗೆ ಈ ಜಿಲ್ಲೆಯೂ ಪಾತ್ರ. ಸಹಾಯಧನದ ತೊಡಕಿನಲ್ಲಿಯೂ ಪಾಲುದಾರ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಕರ್ನಾಟಕ ಸರ್ಕಾರ 2008ರಿಂದ ಉಚಿತ ವಿದ್ಯುತ್ ನೀಡುತ್ತಿದೆ. ಕೊತ್ತತ್ತಿ ಹೋಬಳಿಯಂಥ ಕಡೆ ಎರಡು ಕೊಳವೆಬಾವಿಯುಳ್ಳ ಕಬ್ಬಿನ ಬೆಳೆಗಾರನಿಗೆ ಎರಡು ಪಾಲು ಸಲ್ಲುತ್ತದೆ. ನಾಲೆಯ ನೀರನ್ನೇ ನಂಬಿದವನಿಗೂ, ಅದೇ ಕಬ್ಬು ಕಡಿಯುವ ಕೂಲಿಯವನಿಗೂ ಈ ಬಾಬ್ತಿನಲ್ಲಿ ಬಿಡಿಗಾಸೂ ಇಲ್ಲ. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲದ ಕಾರಣ ಬಳಕೆಯ ಲೆಕ್ಕ ಅಂದಾಜಿನದು. ಸೋರಿಕೆಯೂ ರೈತನ ಹೆಸರಿನಲ್ಲೇ ಬರೆಯಲ್ಪಡುವ ಸಂಭವವುಂಟು. ಸರ್ಕಾರದ ಹಣ ತಡವಾದಾಗ ಸರಬರಾಜು ನಿಗಮಗಳು ಸಾಲಕ್ಕೆ ಮೊರೆಹೋಗುತ್ತವೆ, ಆ ಬಡ್ಡಿ ಕೊನೆಗೆ ಅಕ್ಕಿ ಗಿರಣಿಯ, ಅಂಗಡಿಯ ಬಿಲ್ಲಿಗೆ ಬಂದು ಕೂಡುತ್ತದೆ.

ಹಾಗೆಂದು ಮೀಟರ್ ಎಂದೊಡನೆ ರೈತರು ಶಂಕಿಸುವುದು ಅಕಾರಣವಲ್ಲ. ಅಡುಗೆ ಅನಿಲದ ಸಹಾಯಧನವನ್ನು ನೇರವಾಗಿ ಖಾತೆಗೆ ಹಾಕುವ ಏರ್ಪಾಡು 2013ರ ಜೂನ್‌ನಲ್ಲಿ ತುಮಕೂರು ಜಿಲ್ಲೆಯನ್ನೂ ಒಳಗೊಂಡು ಆರಂಭವಾಗಿ, 2015ರ ಜನವರಿಯಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 2020ರ ಮೇ ತಿಂಗಳ ಬಳಿಕ ಬಹುಪಾಲು ಬಳಕೆದಾರರಿಗೆ ಆ ಜಮೆಯೇ ನಿಂತುಹೋಯಿತು. ಸಿಲಿಂಡರಿನಲ್ಲಿ ಕಂಡದ್ದನ್ನು ಪಂಪ್‌ಸೆಟ್ಟಿನಲ್ಲಿ ನಿರೀಕ್ಷಿಸುವವನನ್ನು ಮೂಢನೆನ್ನಲಾಗದು.

ಆದುದರಿಂದ ಕ್ರಮವೇ ಮುಖ್ಯ. ಕೊಳವೆಬಾವಿ ಇರಲಿ, ಇಲ್ಲದಿರಲಿ, ಪ್ರತಿ ಕೃಷಿ ಕುಟುಂಬಕ್ಕೂ ಕೂಲಿ ಕುಟುಂಬಕ್ಕೂ ಸಮಾನ ಮೊತ್ತವನ್ನು ಶಾಸನದ ಮೂಲಕವೇ ಗೊತ್ತುಪಡಿಸಬೇಕು; ಬೆಲೆಯೇರಿಕೆಗೆ ತಕ್ಕಂತೆ ವರ್ಷವರ್ಷ ಅದು ಹೆಚ್ಚುವಂತಿರಬೇಕು. ಮೊದಲ ಕಂತು ಖಾತೆಗೆ ಬಿದ್ದ ಮೇಲೆಯೇ ಮೀಟರ್ ಹಿಡಿದ ಸಿಬ್ಬಂದಿ ಗದ್ದೆಯ ಬದುವಿಗೆ ಬರತಕ್ಕದ್ದು.